ಹಳದಿ ಟ್ರೇಯ ಹಾವು

ಫೋಟೋದಲ್ಲಿ ಬಿಳಿ ಪಟ್ಟೆಗಳು ಎಡಕ್ಕೆ ಹೋದಂತೆ ಮಸುಕಾಗುತ್ತಿದ್ದವು. ಒಂದು ತುದಿ ಚಪ್ಪಲಿ ಗೂಡಿನ ಹಿಂದೆ, ಇನ್ನೊಂದು ಗೋಡೆಯ ಬಿರುಕಿನಲ್ಲಿ, ನಡುವೆ ಗೇಣುದ್ದದ ಕಪ್ಪು ಮೈ. ಸರ್ಜಾಪುರದ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅದನ್ನು ಹಾಕಿ, ವಿಷದ್ದೋ ಅಲ್ಲವೋ ಬೇಗ ಹೇಳಿ ಎಂದು ಕೇಳಿದ್ದರು. 'ತಲೆ ಕಾಣಿಸುತ್ತಿಲ್ಲ, ದೂರ ಇರಿ, ಹಾವು ಹಿಡಿಯುವವರನ್ನು ಕರೆಸಿ' ಎಂದು ಬರೆದೆ. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಎಲ್ಲಿಂದಲೋ ಮೆಷಿನ್ ಎಣ್ಣೆಯ ವಾಸನೆ ಬಂದಂತಾಯಿತು. ಬಾಗಲಗುಂಟೆಯ ಅತ್ತೆಯ ಸೆರಗಿನ ವಾಸನೆ ಅದು.

ಅತ್ತೆ ಅಪ್ಪನ ಅಕ್ಕ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡಿ ಸೀಲ್ ಹಾಕುವುದು ಅವಳ ಕೆಲಸ. ಸರಿಯಿದ್ದದ್ದು ಹಸಿರು ಟ್ರೇಗೆ, ಕೆಟ್ಟದ್ದು ಕೆಂಪಿಗೆ, ಅನುಮಾನವಿದ್ದದ್ದು ಹಳದಿಗೆ. ರಜೆಯೆಲ್ಲ ನಾನು ಅವಳ ಮನೆಯಲ್ಲೇ ಇರುತ್ತಿದ್ದೆ. ಪಕ್ಕದ ಖಾಲಿ ಸೈಟಿನ ಇಟ್ಟಿಗೆ ರಾಶಿಯಿಂದ ಹಾವು ಬಂದರೂ ಅವಳದು ಅದೇ ಕ್ರಮ. ಕುತ್ತಿಗೆಯಿಂದಲೇ ಪಟ್ಟೆ ಶುರುವಾಗಿ ಬಾಲದತ್ತ ಅಳಿಸಿಹೋದರೆ ತೋಳ ಹಾವು, ವಿಷವಿಲ್ಲ, ಹಸಿರು. ಕುತ್ತಿಗೆ ಬರಿದಾಗಿದ್ದು ಬಾಲದತ್ತ ಪಟ್ಟೆ ಎದ್ದು ಕಂಡರೆ ಕಟ್ಟು ಹಾವು, ಕೆಂಪು. ಮನೆ ಓನರ್ ಮುನಿಯಪ್ಪ ತಾತ ಕೋಲು ಹಿಡಿದು ಪಕ್ಕದಲ್ಲಿ ಕಾಯುತ್ತಿದ್ದರು. "ನಿನ್ ಟ್ರೇಗಿಷ್ಟು ಬೆಂಕಿ ಹಾಕ! ಅದು ಕಚ್ಚೋಗಂಟ ಇಂಗೇ ನೋಡ್ತಾ ಕೂತಿರು," ಎಂದು ರೇಗಿಸಿದರೂ, ಅವಳು ಹಸಿರು ಎಂದರೆ ಗೊಣಗುತ್ತ ಕೋಲು ಕೆಳಗಿಡುತ್ತಿದ್ದರು.

ನನಗೆ ಹತ್ತು ವರ್ಷವಿದ್ದಾಗ ಒಂದು ಮಧ್ಯಾಹ್ನ, ಅತ್ತೆ ಕೆಲಸಕ್ಕೆ ಹೋಗಿದ್ದಳು. ಬಚ್ಚಲಿನ ಡ್ರಮ್ಮಿನ ಹಿಂದೆ ಹಾವೊಂದು ಅಲುಗದೆ ಮಲಗಿತ್ತು, ಎರಡು ತುದಿಗಳೂ ಮರೆಯಲ್ಲಿ. "ಏಳವ್ವ, ಇನ್‌ಸ್ಪೆಕ್ಟ್ರಮ್ಮ ಇಲ್ವಲ್ಲ, ಇದ್ಯಾವ್ ಟ್ರೇ ಅಂತ ನೀನೇ ಏಳು," ಎಂದರು ತಾತ. ಅದುವರೆಗೆ ದೊಡ್ಡವರು ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಎಡಗಡೆ ಮೈ ಬರಿದಾಗಿತ್ತು. ಅದೇ ತಲೆಯ ಕಡೆ ಎಂದುಕೊಂಡು "ಕೆಂಪು" ಎಂದೆ. ಕೋಲಿನ ಸದ್ದು ಈಗಲೂ ಕೇಳುತ್ತದೆ. ತಾತ ಸತ್ತ ಹಾವನ್ನು ಕಾಂಪೌಂಡಿನ ಮೇಲೆ ಹಾಕಿ, "ಸರ್ಯಾಗ್ ನೋಡ್ಕಳಿ, ಇದೇ ಕಟ್ಟಾವು. ಮಗು ನಮ್ ಜೀವ ಉಳಿಸ್ತು," ಎಂದು ಬೀದಿಗೆಲ್ಲ ತೋರಿಸಿದರು. ನನ್ನ ಕೈಗೆ ಒಂದು ಕಡಲೆಮಿಠಾಯಿ ಇಟ್ಟರು.

ಸಂಜೆ ಅತ್ತೆ ಬಂದು ಕಡ್ಡಿಯಿಂದ ಅದನ್ನು ಹೊರಳಿಸಿದಳು. ಪಟ್ಟೆ ಕುತ್ತಿಗೆಯಿಂದಲೇ ಇತ್ತು; ನಾನು ಕಂಡ ಬರಿ ಮೈ ಬಾಲದ ಕಡೆಯದು. ನನ್ನನ್ನು ಅಡುಗೆಮನೆಗೆ ಕರೆದಳು.

"ತಲೆ ಯಾವ್ ಕಡೆ ಅಂತ ನೋಡಿದ್ಯಾ?"

"ಇಲ್ಲ."

"ಮತ್ತೆ ಹಳದಿ ಟ್ರೇ ಯಾತಕ್ಕಿದೆ ಕಣೇ? ಬೀದಿಯೋರೆಲ್ಲ ಇದನ್ನೇ ಕಟ್ಟು ಹಾವು ಅಂತ ಕಲ್ತ್ಬಿಟ್ರು. ನಾಳೆ ನಿಜವಾದ್ದು ಬಂದ್ರೆ, ಇದು ಅದಲ್ಲ ಅಂತ ಕೈ ಹಾಕ್ತಾರೆ."

"ನೀನೇ ಹೇಳತ್ತೆ."

"ಸೀಲ್ ಹಾಕಿದೋರೇ ವಾಪಸ್ ತಗೋಬೇಕು."

ಈಗ ಅತ್ತೆಯಿಲ್ಲ. ಆ ಮನೆ, ಆ ಸೈಟು ಸೇರಿ ರಟ್ಟಿನ ಪೆಟ್ಟಿಗೆಗಳ ಗೋದಾಮಾಗಿದೆ. ಬಚ್ಚಲಿದ್ದ ಜಾಗ ಯಾವುದೆಂದು ಹುಡುಕಲು ಹೋಗಿ, ಮುಚ್ಚಿದ ಷಟರ್ ನೋಡಿ ಬಂದಿದ್ದೇನೆ. ನೀವೂ ಎಲ್ಲೋ ಹಾಗೆ ನಿಂತು ಬಂದಿರಬಹುದು. ಅವಳ ದನಿ ಮರೆಯುತ್ತಿದೆ, ಆದರೆ ಆ ಸಂಜೆ ಅವಳು ನನ್ನನ್ನು ಬೈಯದೆ ಅಕ್ಕಿ ಆರಿಸುತ್ತ ಕೂತದ್ದು ಮರೆಯುವುದಿಲ್ಲ.

ಮರುದಿನ ಬೆಳಿಗ್ಗೆ ಬೀದಿಯವರೆಲ್ಲ ನಲ್ಲಿಯ ಮುಂದೆ ಬಿಂದಿಗೆ ಸಾಲಿಟ್ಟು ನಿಂತಿದ್ದಾಗ, ತಿನ್ನದೆ ಇಟ್ಟುಕೊಂಡಿದ್ದ ಕಡಲೆಮಿಠಾಯಿಯನ್ನು ತಾತನ ಕೈಗೆ ವಾಪಸ್ ಕೊಟ್ಟು, "ಅದು ತೋಳ ಹಾವು, ನಾನು ತಲೆ ನೋಡಿರಲಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.