ಹದಿಮೂರನೆಯ ನಾಮ

ಆಚಾರ್ಯರ ಮೈಮೇಲೆ ಹನ್ನೆರಡು ನಾಮಗಳಿರುತ್ತಿದ್ದವು. ಹಣೆಗೆ, ಹೊಟ್ಟೆಗೆ, ಎದೆಗೆ, ತೋಳುಗಳಿಗೆ, ಹೀಗೆ ಎಲ್ಲ ಕಡೆ ಹಳದಿ ಗೋಪಿಚಂದನ. ಹದಿಮೂರನೆಯದು ಅವರ ಕಂಪ್ಯೂಟರಿನ ಗುಂಡಿಯ ಮೇಲೆ. ಬೆಳಿಗ್ಗೆ ಸ್ನಾನ ಮಾಡಿ, ಕೊನೆಯ ನಾಮ ಹಚ್ಚಿಕೊಂಡ ಹಸಿ ಬೆರಳಿನಿಂದಲೇ ಆ ಗುಂಡಿ ಒತ್ತಿ ಸಂಧ್ಯಾವಂದನೆಗೆ ಕೂರುತ್ತಿದ್ದರು. ಜಪ ಮುಗಿಯುವುದರೊಳಗೆ ಯಂತ್ರ ತಯಾರಾಗಿರಬೇಕು ಎಂಬುದು ಅವರ ಲೆಕ್ಕ. ತಯಾರಾಗಿರುತ್ತಿರಲಿಲ್ಲ ಎಂಬುದು ನನ್ನ ಹಣೆಬರಹ. ಗುಂಡಿಯ ಸಂದಿಗೆ ಇಳಿದು ಒಣಗಿದ ಗೋಪಿಚಂದನವನ್ನು ಸೂಜಿಯಿಂದ ಎಷ್ಟು ಸಲ ಕೆರೆದು ತೆಗೆದಿದ್ದೇನೋ ದೇವರಿಗೇ ಗೊತ್ತು.

ನಾನು ದೇವದುರ್ಗ ತಾಲೂಕಿನ ಕೂಲಿ ಮನೆತನದವನು. ಅಪ್ಪ ತೀರಿಕೊಂಡಾಗ ಎಂಟನೆಯ ಇಯತ್ತೆಗೆ ಸಾಲೆ ಬಿಟ್ಟೆ. ರಾಯಚೂರಿಗೆ ಬಂದು ಹತ್ತಿ ಮಿಲ್ಲಿನಲ್ಲಿ ಮೂಟೆ ಹೊತ್ತೆ, ಟೀವಿ ರಿಪೇರಿ ಅಂಗಡಿಯಲ್ಲಿ ಬೆರಳು ಸುಟ್ಟುಕೊಂಡೆ, ಕಡೆಗೆ ತೀನ್ ಕಂದೀಲ್ ಚೌಕದ ಹತ್ತಿರ ನನ್ನದೇ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟೆ. ಇಂಗ್ಲಿಷು ಕೂಡಿಸಿ ಓದುವುದಷ್ಟೇ ಬರುತ್ತದೆ. ಆದರೆ ನಾನು ಮುಟ್ಟಿದ ಯಂತ್ರ ಮತ್ತೆ ಅದೇ ರೋಗಕ್ಕೆ ವಾಪಸು ಬಂದದ್ದಿಲ್ಲ. ಆಚಾರ್ಯರು ಬರುವವರೆಗೂ ಹಾಗಂತ ಎದೆ ತಟ್ಟಿಕೊಂಡು ಹೇಳುತ್ತಿದ್ದೆ.

ಅವರು ಕೋಟೆ ಕಡೆಯ ಒಂದು ಓಣಿಯಲ್ಲಿ ಹನುಮಪ್ಪನ ಗುಡಿಯ ಪೂಜೆ ಮಾಡಿಕೊಂಡಿದ್ದರು. ಅದರ ಜೊತೆಗೆ ಇನ್ನೊಂದು ಕೆಲಸವಿತ್ತು. ರಾಯಚೂರು, ಮಾನ್ವಿ, ಕವಿತಾಳ, ಗಿಲ್ಲೆಸುಗೂರು ಕಡೆಯ ನೂರಾರು ಮನೆಗಳ ಹಿರಿಯರು ತೀರಿಕೊಂಡ ತಿಥಿಗಳೆಲ್ಲ ಅವರ ತಂದೆಯ ಕಾಲದಿಂದ ಒಂದು ವಹಿಯಲ್ಲಿದ್ದವು. ಮುಂಜಾನೆ ಫೋನುಗಳು ಬರುತ್ತಿದ್ದವು: ನಮ್ಮ ಅಪ್ಪನ ತಿಥಿ ಈ ವರ್ಷ ಎಂದು ಬರುತ್ತದೆ, ಅವ್ವನದು ಎಂದು. ಅವರ ಕಣ್ಣು ಮಂದವಾಗಿ ವಹಿ ಓದಲಾಗದಂತಾದಾಗ, ಅವರ ಹೆಂಡತಿ ಬಾಯಾರು ಓದಿ ಹೇಳುತ್ತ, ಇವರು ಒಂದೇ ಬೆರಳಿನಿಂದ ಟೈಪು ಹೊಡೆಯುತ್ತ, ಎರಡು ವರ್ಷ ಕೂತು ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದರು. ಅಲ್ಲಿ ಅಕ್ಷರಗಳನ್ನು ನಿಂಬೆಹಣ್ಣಿನಷ್ಟು ದೊಡ್ಡದು ಮಾಡಿಕೊಂಡು ಓದಬಹುದಿತ್ತು. ಆಮೇಲೆ ವಹಿಗೆ ಗೆದ್ದಲು ಹತ್ತಿತು. ಹೀಗಾಗಿ ಯಂತ್ರ ಸುರುವಾಗದೆ ಅವರ ಬಾಯಿಂದ ಉತ್ತರ ಬರುವಂತಿರಲಿಲ್ಲ.

"ಸುರು ಆಗ್ಲಿಕ್ಕೆ ಎಷ್ಟು ಹೊತ್ತು ಹಿಡಿತದ್ರಿ?" ಎಂದು ಮೊದಲ ದಿನ ಕೇಳಿದೆ.

"ನೂರಾ ಎಂಟು ಗಾಯತ್ರಿ."

"ನಿಮಿಷದಾಗ ಹೇಳ್ರಿ ಆಚಾರ್ರ."

"ಜಪದಾಗ ಗಡಿಯಾರ ಯಾರು ನೋಡ್ತಾರಪಾ?"

ಒಳಗಿನ ಧೂಳು ತೆಗೆದೆ, ಎಲ್ಲ ಅಳಿಸಿ ಸಾಫ್ಟ್‌ವೇರು ಹೊಸದಾಗಿ ಹಾಕಿದೆ, ಅವರ ಪಟ್ಟಿಯನ್ನೂ ಉಳಿದ ಫೈಲುಗಳನ್ನೂ ಜೋಪಾನವಾಗಿ ವಾಪಸು ಇಟ್ಟೆ. ಅಂಗಡಿಯಲ್ಲಿ ಕುದುರೆಯಂತೆ ಓಡಿತು. ಮರುದಿನ ಬೆಳಿಗ್ಗೆ ಅವರ ಫೋನು. "ಹನ್ನೆರಡು," ಎಂದು ಇಟ್ಟುಬಿಟ್ಟರು. ಹನ್ನೆರಡು ಗಾಯತ್ರಿಗೆ ಸುರುವಾಯಿತು ಅಂತ ಅರ್ಥ. ಮೀಸೆ ತಿರುವಿಕೊಂಡೆ. ವಾರದಲ್ಲಿ "ಮೂವತ್ತು" ಎಂದು ಬಂತು. ಆಮೇಲೆ "ಅರವತ್ತು." ತಿಂಗಳು ತುಂಬುವುದರೊಳಗೆ "ಏನಪಾ, ನೂರಾ ಎಂಟು!"

ಮತ್ತೆ ಅಂಗಡಿಗೆ ತಂದು ಎಲ್ಲ ಅಳಿಸಿದೆ. ರ‍್ಯಾಮ್ ಹೆಚ್ಚಿಸಿದೆ. ಮತ್ತೆ ಹನ್ನೆರಡು, ಮತ್ತೆ ನೂರಾ ಎಂಟು. ಹಳೆಯ ಡಿಸ್ಕು ಕಿತ್ತು ಹೊಸ ನಮೂನೆಯದು ಹಾಕಿದೆ. ನಾಲ್ಕಕ್ಕೆ ಇಳಿಯಿತು, ಮತ್ತೆ ಏರಿತು. ಅವರ ಮನೆಯ ಕರೆಂಟನ್ನು ಅನುಮಾನಿಸಿದೆ, ವೈರು ಬದಲಿಸಿದೆ. ಬೆಳಿಗ್ಗೆ ಫೋನು ಗುಂಯ್ ಅಂದರೆ ನನ್ನ ಹೆಂಡತಿ ಚಹ ಕೊಡುತ್ತ, "ಇವತ್ತು ಎಷ್ಟಂತ?" ಎಂದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಒಮ್ಮೆ ತಲೆಕೆಟ್ಟು ಹೇಳಿದೆ: "ಆಚಾರ್ರ, ಬಂದ್ ಮಾಡಾಕ ಹೋಗಬ್ಯಾಡ್ರಿ. ಹಂಗ ಚಾಲೂ ಬಿಡ್ರಿ, ಮುಂಜಾನಿ ಪಂಚಾಯ್ತಿನ ಇರಂಗಿಲ್ಲ."

"ಹನುಮಪ್ಪಗೂ ದಿನಾ ಶಯನ ಅದ. ಇದಕ್ಕ ಬ್ಯಾಡೇನು?"

ಯಂತ್ರವನ್ನು ಮೇಜಿನ ಕೆಳಗೆ ಇಟ್ಟು ಕಾಲಬೆರಳಿನಿಂದ ಗುಂಡಿ ಒತ್ತಿದ್ದಕ್ಕೆ ನನ್ನನ್ನು ಬೈದು, ಅದನ್ನೊಂದು ಮಣೆಯ ಮೇಲೆ ಕೂರಿಸಿದವರು ಅವರು. ಬೈದದ್ದು ಸರಿ ಅನಿಸಿತು, ಸುಮ್ಮನಿದ್ದೆ. ಆದರೆ ಸುಮ್ಮನಿರದ ಒಂದು ದಿನವೂ ಉಂಟು. ನಾನು ಮುಟ್ಟಿ ಮುಗಿಸಿದ ಮೇಲೆ ಅವರು ಒದ್ದೆ ಬಟ್ಟೆಯಿಂದ ಯಂತ್ರ ಒರೆಸುವುದನ್ನು ಕಂಡೆ. ಮಡಿ. ನನ್ನ ಮೈ ಉರಿಯಿತು.

"ಒದ್ದಿ ಅರಿವಿಲೆ ಒರಸಬ್ಯಾಡ್ರಿ."

"ಯಾಕಪಾ, ಶಾರ್ಟ್ ಆಗ್ತದೇನು?"

"ಮಷೀನಿಗೆ ಆಗ್ತದೋ ಇಲ್ಲೋ ಗೊತ್ತಿಲ್ರಿ. ನನಗಂತೂ ಆಗ್ತದ."

ಅವರ ಕೈ ಅಲ್ಲಿಯೇ ನಿಂತಿತು. ಬಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು, ಅದನ್ನು ಹಿತ್ತಲಿಗೆ ಒಯ್ದು ಒಣಹಾಕಿ ಬಂದರು. ಆಮೇಲೆ ನಾನು ಮುಟ್ಟಿದ್ದನ್ನು ಅವರು ಒರೆಸಿದ್ದನ್ನು ಕಾಣಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಅವರೇ ಅಂಗಡಿಗೆ ನಡೆದು ಬಂದರು. ಸಂಖ್ಯೆ ಹೇಳಲಿಲ್ಲ. ಸ್ಟೂಲಿನ ಮೇಲೆ ಕೂತರು.

"ಕವಿತಾಳದಾಂವ ಒಬ್ಬಾಂವ ಫೋನ್ ಮಾಡಿದ್ದಾ, ತಾಯಿ ತಿಥಿ ಎಂದದ ಅಂತ. ಇದು ಇನ್ನೂ ಸುತ್ತಲಿಕ್ಕತ್ತಿತ್ತು. ಅಂವಗ ಬಸ್ಸಿಗೆ ಹೊತ್ತಾಗಿತ್ತು. ನೆನಪಿಂದ ಹೇಳಿದೆ, ಅಷ್ಟಮಿ ಅಂತ. ಇವತ್ತು ನೋಡಿದೆ, ಸಪ್ತಮಿ ಇತ್ತು. ನಿನ್ನಿ ಆ ತಾಯಿ ಉಪವಾಸ ಹೋದಳಪಾ. ನನ್ನಿಂದ."

ನನ್ನನ್ನು ಒಂದು ಮಾತು ಬೈದಿದ್ದರೆ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ. ಎದ್ದು ಹೋದರು.

ಮರುದಿನ ಹೊತ್ತು ಮೂಡುವ ಮೊದಲೇ ಅವರ ಮನೆಯ ಪಡಸಾಲೆಯಲ್ಲಿ ಹೋಗಿ ಕೂತೆ. ಸ್ಕ್ರೂಡ್ರೈವರು ಚೀಲದಲ್ಲೇ ಇತ್ತು. ಇವತ್ತು ಏನನ್ನೂ ಬಿಚ್ಚುವುದಿಲ್ಲ, ಬರೀ ನೋಡುತ್ತೇನೆ ಎಂದುಕೊಂಡಿದ್ದೆ. ಇಷ್ಟು ತಿಂಗಳಲ್ಲಿ ಆ ಯಂತ್ರ ಅವರ ಮನೆಯಲ್ಲಿ ಬೆಳಿಗ್ಗೆ ಸುರುವಾಗುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅಂಗಡಿಗೆ ತಂದಾಗಲೂ ಸುರುವಾಗಲು ಬಿಡದೆ ನೇರ ಡಿಸ್ಕು ಬಿಚ್ಚಿ ಅಳಿಸುತ್ತಿದ್ದೆ.

ಆಚಾರ್ಯರು ಬಂದು ಹಸಿ ಬೆರಳಿನಿಂದ ಗುಂಡಿ ಒತ್ತಿ ಒಳಗೆ ಹೋದರು. ಪರದೆ ಬೆಳಗಿತು. ಮೊದಲು ಹನುಮಪ್ಪನ ಚಿತ್ರ ತೆರೆಯಿತು. ಅದರ ಮೇಲೆ ವೆಂಕಪ್ಪ ದೇವರ ಚಿತ್ರ. ಅದರ ಮೇಲೆ ಗುರುಗಳದು, ಹೀಗೆ ಇಪ್ಪತ್ತೋ ಮೂವತ್ತೋ. ಆಮೇಲೆ ಪಂಚಾಂಗಗಳು, ಹನ್ನೆರಡು ವರ್ಷದವು. ಆಮೇಲೆ ಐದು ಮಂದಿ ಪಂಡಿತರು ಒಟ್ಟಿಗೆ ಪ್ರವಚನ ಸುರು ಮಾಡಿದರು. ಯಂತ್ರ ಬಿಸಿಲಿಗೆ ಬಿದ್ದ ಎಮ್ಮೆಯಂತೆ ಏದುಸಿರು ಬಿಡತೊಡಗಿತು.

"ಬಾಯಾರ! ಏನ್ರಿ ಇದು?" ಎಂದು ಕೂಗಿದೆ.

ಅಡಿಗೆಮನೆಯ ಬಾಗಿಲ ಸಂದಿಯಿಂದ ಬಾಯಾರು ಹೇಳಿದರು: "ದಿನಾ ಇಷ್ಟ ಗದ್ದಲ. ಅದಕ್ಕ ನಾ ಬಾಗಲಾ ಹಾಕ್ಕೊಂಡಿರ್ತೀನಿ."

ಸ್ಟಾರ್ಟಪ್ ಅಂತ ಒಂದು ಫೋಲ್ಡರು ಇರುತ್ತದೆ. ಅದರಲ್ಲಿ ಇಟ್ಟದ್ದೆಲ್ಲ ಯಂತ್ರದ ಜೊತೆಗೇ ತೆರೆಯುತ್ತದೆ. ಆಚಾರ್ಯರು ತಮ್ಮಲ್ಲಿದ್ದ ದೇವರನ್ನೆಲ್ಲ ಅಲ್ಲಿ ತುಂಬಿದ್ದರು. ಜಪ ಮುಗಿಸಿ ಬಂದವರ ಮುಂದೆ ನನ್ನ ದನಿ ಓಣಿಗೆಲ್ಲ ಕೇಳುವಂತೆ ಏರಿತು.

"ಇದರಾಗ ಯಾಕ ಇಟ್ಟೀರ್ರಿ ಇಷ್ಟೆಲ್ಲಾ?"

"ಸ್ಟಾರ್ಟಪ್ ಅಂದ್ರ ಆರಂಭ ಹೌದಲ್ಲೋ? ಆರಂಭದಾಗ ದೇವರನ್ನ ಇಡದ ಎಲ್ಲಿ ಇಡ್ಲಿ?"

"ನಾ ಎಲ್ಲಾ ಅಳಿಸಿ ಕೊಡ್ತಿದ್ನಲ್ರಿ!"

"ನೀ ಅಳಿಸ್ತಿದ್ದಿ, ನಾ ದಿನಾ ಒಂದೊಂದು ಮತ್ತ ಪ್ರತಿಷ್ಠಾಪನಾ ಮಾಡ್ತಿದ್ದೆ."

"ನನಗ ಒಂದು ಮಾತು ಹೇಳಬೇಕೋ ಬ್ಯಾಡೋ?"

"ನೀ ಕೇಳಲಿಲ್ಲಲ್ಲಪಾ," ಎಂದರು, ಬಹಳ ಸಮಾಧಾನದಿಂದ.

ಧೂಳು, ವೈರು, ಡಿಸ್ಕು, ಎಲ್ಲವನ್ನೂ ಅನುಮಾನಿಸಿದವನು ಆ ಮನೆಯ ಇಬ್ಬರು ಮನುಷ್ಯರನ್ನು ಇದನ್ನು ಹೇಗೆ ಬಳಸುತ್ತೀರಿ ಎಂದು ಒಂದು ಮಾತೂ ಕೇಳಿರಲಿಲ್ಲ. ಇಂದು ಯಾರೇ ನಿಧಾನವಾದ ಯಂತ್ರ ತಂದರೂ ಮೊದಲು ಸ್ಟೂಲು ಕೊಟ್ಟು, "ಮುಂಜಾನಿ ಇದನ್ನ ಹೆಂಗ ಸುರು ಮಾಡ್ತೀರಿ, ಹೇಳ್ರಿ," ಎನ್ನುತ್ತೇನೆ. ಅರ್ಧ ರೋಗ ಅಲ್ಲೇ ಸಿಗುತ್ತದೆ.

"ಒಂದ ಇಡ್ರಿ. ಒಂದಕ್ಕಿಂತ ಹೆಚ್ಚಿಗಿ ಇಟ್ರ ನಾ ಮತ್ತ ಬರಂಗಿಲ್ಲ," ಎಂದೆ. ಹನುಮಪ್ಪನ ಚಿತ್ರವನ್ನೇ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಕಣ್ಣು ಮುಚ್ಚಿ ಯೋಚಿಸಿದರು.

"ತಿಥಿ ಪಟ್ಟಿ ಇಡು. ದೇವರು ಕಾಯ್ತಾನ. ಫೋನಿನ್ಯಾಗ ನಿಂತಾಂವ ಕಾಯೂದಿಲ್ಲ."

ಪಟ್ಟಿಯನ್ನು ಅಲ್ಲಿಟ್ಟು ಯಂತ್ರ ಸುರು ಮಾಡಿ ತೋರಿಸುತ್ತಿರುವಾಗ ಕೇಳಿದರು: "ನಿಮ್ಮಪ್ಪನ ತಿಥಿ ಯಾವತ್ತಪಾ?"

"ಗೊತ್ತಿಲ್ರಿ. ನಮ್ಮಲ್ಲಿ ಅದೆಲ್ಲಾ ಮಾಡಂಗಿಲ್ಲ."

"ಮಾಡೂದು ಬಿಡೂದು ನಿನಗ ಬಿಟ್ಟದ್ದು. ದಿನ ಗೊತ್ತಿರಬೇಕು. ನಿಮ್ಮವ್ವ ಏನಂತಾಳ?"

"ಎಳ್ಳಮಾಸಿ ಆಗಿ ಮೂರನೇ ದಿನ ಅಂತಾಳ್ರಿ. ಅಮಾಸಿ ದಿನ ಹೊಲದಾಗ ಭೂಮಿತಾಯಿಗೆ ಚರಗ ಚೆಲ್ಲಿ ಬಂದಾಂವ ಜ್ವರಾ ಬಂದು ಮಲಗಿದ್ದು, ಏಳಲೇ ಇಲ್ಲ ಅಂತ."

"ಹಂಗಾದ್ರ ಪುಷ್ಯ ಶುದ್ಧ ತದಿಗಿ," ಎಂದು, ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕುತ್ತ, ಅಪ್ಪನ ಹೆಸರನ್ನು ಕೇಳಿ ಕೇಳಿ ಹೊಡೆದರು. ಮಾನ್ವಿಯ ದೊಡ್ಡ ದೊಡ್ಡ ಮನೆಗಳ ಹೆಸರಿನ ಕೆಳಗೆ, ನಿಂಬೆಹಣ್ಣಿನ ಗಾತ್ರದ ಅಕ್ಷರದಲ್ಲಿ, ನಮ್ಮಪ್ಪ ಕೂತ. ಅಲ್ಲಿಂದ ಪ್ರತಿ ವರ್ಷ ಹಿಂದಿನ ದಿನವೇ ಫೋನು ಬರುತ್ತಿತ್ತು. ಸಂಖ್ಯೆ ಇಲ್ಲ, ಬಯ್ಗುಳ ಇಲ್ಲ. "ನಾಳಿ ನಿಮ್ಮಪ್ಪನ ದಿನ," ಅಷ್ಟೇ. ಅಂದು ಅಂಗಡಿ ಮುಚ್ಚಿ ಊರಿಗೆ ಹೋಗಿ ಅವ್ವನ ಎದುರು ಕೂತು ಉಣ್ಣುವುದನ್ನು ಕಲಿತೆ.

ಹೋದ ವರ್ಷ ಶ್ರಾವಣದಲ್ಲಿ ಆಚಾರ್ಯರು ತೀರಿಕೊಂಡರು. ಕರ್ಮಗಳೆಲ್ಲ ಮುಗಿದ ಮೇಲೆ ಬಾಯಾರು ಕರೆಸಿದರು.

"ಮಂದಿ ಫೋನ್ ಮಾಡ್ಲಿಕ್ಕತ್ತಾರ. ನನಗ ಇದನ್ನ ಸುರು ಮಾಡ್ಲಿಕ್ಕೆ ಕಲಿಸಿಕೊಡಪಾ. ಮತ್ತ..." ಸೆರಗಿನಿಂದ ಮುಖ ಒರೆಸಿಕೊಂಡರು. "ಅವರದೂ ಅದರಾಗ ಬರೀಬೇಕಲ್ಲಾ."

ಗುಂಡಿಯ ಮೇಲೆ ಗೋಪಿಚಂದನ ಒಣಗಿ ಬಿರಿದಿತ್ತು. ಸೂಜಿ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಆ ಗುರುತಿನ ಅಂಚಿಗೆ ಬೆರಳಿಟ್ಟು ಒತ್ತಿದೆ. ಸ್ವಲ್ಪ ಹೊತ್ತು ಸುತ್ತಲಿ, ಅಷ್ಟರಲ್ಲಿ ಕಣ್ಣೊರೆಸಿಕೊಂಡು ಸರಿಯಾಗಿ ಕೂರುತ್ತೇನೆ ಎಂದುಕೊಂಡೆ. ಉಸಿರು ಎಳೆದುಕೊಳ್ಳುವುದರೊಳಗೆ ಪಟ್ಟಿ ತೆರೆದುಕೊಂಡು, ಕೊನೆಯ ಖಾಲಿ ಸಾಲಿನಲ್ಲಿ ಗೆರೆ ಮಿಟುಕುತ್ತ ನಿಂತಿತು. ಆ ಯಂತ್ರ ಬೇಗ ಸುರುವಾಯಿತೆಂದು ನನಗೆ ಸಿಟ್ಟು ಬಂದದ್ದು ಅದೊಂದೇ ಸಲ.

"ಶ್ರಾವಣ ಶುದ್ಧ ನವಮಿ. ಬರಿಯಪಾ," ಎಂದರು ಬಾಯಾರು.

ಒಂದೇ ಬೆರಳಿನಿಂದ ಹೊಡೆದೆ.