ಸಮುದ್ರಕ್ಕೆ ಹೊರಟ ಗುಂಡಿ

ಫೋನಿನ ನಕ್ಷೆ ನೋಡಿ ಬಚ್ಚಿಟ್ಟ ಡಬ್ಬಿಗಳನ್ನು ಹುಡುಕುವ ಆಟದಲ್ಲಿ ಗಡಿಯಾರ ರಿಪೇರಿಯವರದು ಎತ್ತಿದ ಕೈ. ತೀರಿಹೋದ ಅವರ ತಂಗಿ ಸಮುದ್ರ ನೋಡಿರಲಿಲ್ಲ. ಅವಳ ಕೋಟಿನ ಗುಂಡಿಗೆ ನಂಬರಿನ ಬಿಲ್ಲೆ ಕಟ್ಟಿ, ಆಟಗಾರರು ಡಬ್ಬಿಯಿಂದ ಡಬ್ಬಿಗೆ ದಾಟಿಸುತ್ತ ಕಡಲು ಮುಟ್ಟಿಸಲೆಂದು ಬಿಟ್ಟಿದ್ದರು. ಸೇತುವೆಯ ಡಬ್ಬಿಯಿಂದ ಅದು ಮಾಯವಾದಾಗ, ಆಟದ ದಾಖಲೆಯಂತೆ ಕೊನೆಯದಾಗಿ ಅಲ್ಲಿಗೆ ಹೋಗಿದ್ದ ಕ್ಷೌರಿಕನ ಮೇಲೆ ಅವರ ಕಣ್ಣು ಬಿತ್ತು. ನೇರ ಅವನ ಅಂಗಡಿಗೇ ಹೋದರು.

"ಏನಪ್ಪಾ, ಗುಂಡಿ ನಿನ್ನ ಅಂಗಿಗೆ ಸರಿಹೋಯ್ತಾ?"

ಕ್ಷೌರಿಕ ತಡವರಿಸಿದ. "ಅಯ್ಯೋ ಯಜಮಾನ್ರೇ, ಡಬ್ಬಿ ಒಡೆದು ನೀರು ತುಂಬಿತ್ತು. ಬಂದರಿಗೆ ಹೊರಟಿದ್ದ ನಮ್ಮತ್ತಿಗೆ ಕೈಲಿ ಕಳಿಸ್ದೆ. ಆಟದಲ್ಲಿ ತಿಳಿಸೋದು ಮರೆತೇಬಿಟ್ಟೆ."

"ಕಥೆ ಚೆನ್ನಾಗಿದೆ. ಸಾಕ್ಷಿ?"

ಅವನು ಅತ್ತಿಗೆ ಕಳಿಸಿದ್ದ ಫೋಟೋ ತೋರಿಸಿದ. ಒದ್ದೆ ಮರಳು, ಹಿಂದೆ ಅಲೆ, ನಡುವೆ ಗುಂಡಿ. ಬಿಲ್ಲೆಯ ನಂಬರನ್ನು ಅಂಕಿ ಅಂಕಿಯಾಗಿ ತಾಳೆ ನೋಡಿದ ಮೇಲೆಯೇ ಅವರು ಕುರ್ಚಿಯಲ್ಲಿ ಕೂತು ಅವನ ಕತ್ತಿಗೆ ಕುತ್ತಿಗೆ ಒಡ್ಡಿದ್ದು.