ಪಂಪಣ್ಣನವರ ಮಾಳಿಗೆಯ ಮಣ್ಣು

ಪಂಪಣ್ಣನವರ ಮನೆಯ ಮಾಳಿಗೆಯ ಮೇಲೆ ಒಂದೂವರೆ ಮೊಳ ಮಣ್ಣಿತ್ತು. ಒಂದು ಗೇಣು ಎಂದು ಬರೆದವನು ನಾನು. ಆ ಮಾಳಿಗೆ ಕುಸಿದು ಅವರ ತಾಯಿ ಸತ್ತಾಗ, ಮಣ್ಣಿನ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ ಎಂದು ಚಾವಡಿಯಲ್ಲಿ ಹತ್ತು ಜನರ ಮುಂದೆ ಸುಳ್ಳು ಹೇಳಿದವನೂ ನಾನೇ. ಅಪರಾಧ ಹೋಗಿ ಕಲ್ಲುಕೆಲಸದ ತಿಮ್ಮಣ್ಣನ ತಲೆಯ ಮೇಲೆ ಕೂತಿತು. ಕಂಪ್ಲಿಯ ಜನರೇ, ಕೈ ತಾಗಿದರೆ ಬೀಳುವ ಯಾವುದಕ್ಕೂ ನೀವು ಇವತ್ತಿಗೂ 'ತಿಮ್ಮಣ್ಣನ ಗೋಡೆ' ಎನ್ನುತ್ತೀರಿ. ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಉರಿದು ಏನು ಬಂತು — ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲ.

ಆಗ ನಮ್ಮದು ಮದರಾಸು ಸೀಮೆ. ನಾನು ಹೊಸಪೇಟೆಯಲ್ಲಿ ಹೈಸ್ಕೂಲು ಮುಗಿಸಿ ಮದರಾಸಿನ ಒಂದು ವಿಮಾ ಕಂಪನಿಗೆ ಏಜೆಂಟನಾಗಿದ್ದೆ. ಗಿರಣಿಗಳಿಗೂ ಹತ್ತಿಯ ಗೋದಾಮುಗಳಿಗೂ ಬೆಂಕಿಯ ವಿಮೆ ಮಾಡಿಸುವುದು ನನ್ನ ಕೆಲಸ. ಉತ್ತರದ ಕಡೆ ಭೂಮಿ ನಡುಗಿ ಊರಿಗೆ ಊರೇ ನೆಲಸಮವಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅದಾದ ಮೇಲೆ ಕಂಪನಿ ಭೂಕಂಪಕ್ಕೂ ವಿಮೆ ಕೊಡಲು ಹೊರಟಿತು. ಆದರೆ ಯಾರ ಮನೆ ಎಷ್ಟು ಗಟ್ಟಿ ಎಂದು ತಿಳಿಯದೆ ಕೊಡುವುದು ಹೇಗೆ? ಅದನ್ನು ಕಲಿಸಲು ಒಬ್ಬ ಇಂಜಿನಿಯರು ಬಂದು ಮೂರು ದಿನ ಹೊಸಪೇಟೆಯಲ್ಲಿ ಉಳಿದರು.

ನಮ್ಮ ಕಡೆಯ ಮನೆಗಳು ನಿಮಗೆ ಗೊತ್ತೇ ಇವೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಮಳೆ ಸೋರಬಾರದೆಂದು ಪ್ರತಿ ವರ್ಷ ಮುಂಗಾರಿಗೆ ಮೊದಲು ಹೊಸ ಸವಳು ಮಣ್ಣನ್ನು ಹಾಸಿ ಬಡಿಯುತ್ತೇವೆ. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಮಗ. ಇಂಜಿನಿಯರು ಅದನ್ನು ನೋಡಿ ತಲೆ ಮೇಲೆ ಕೈ ಹೊತ್ತರು. ನೆಲ ಅಲುಗಿದರೆ ಈ ಭಾರವೆಲ್ಲ ಪಕ್ಕಕ್ಕೆ ಎಳೆಯುತ್ತದೆ, ಗೋಡೆ ಹೊರಕ್ಕೆ ಬಾಯಿ ಬಿಡುತ್ತದೆ ಎಂದು ವಿವರಿಸಿದರು. ಒಂದು ಗೇಣಿಗಿಂತ ಹೆಚ್ಚಿನ ಮಣ್ಣನ್ನು ತೆಗೆಸಬೇಕು. ಗೋಡೆಯ ಒಳಮೈ ಹೊರಮೈ ಎರಡನ್ನೂ ಹಿಡಿದಿಡುವ ಉದ್ದನೆಯ ಅಡ್ಡಗಲ್ಲುಗಳನ್ನು ಕೂಡಿಸಬೇಕು. ಮೊದಲು ಮನೆಯವರಿಗೆ ತಿಳಿಯುವ ಹಾಗೆ ಹೇಳಿ, ಆಮೇಲೆ ನಮಗೆ ಬರೆಯಿರಿ — ಹೋಗುವಾಗ ಅವರು ನನಗೆ ಹೇಳಿದ್ದು ಇಷ್ಟೇ. ಗೋಡೆ ಬಲ್ಲ ಒಬ್ಬ ಕೆಲಸಗಾರನನ್ನು ಜೊತೆಗೆ ಕರೆದೊಯ್ಯಲು ತಿಳಿಸಿದ್ದರು. ಹಾಗೆ ನನ್ನ ಜೊತೆ ಬಂದವನು ಹೊಸಪೇಟೆ ಪಕ್ಕದ ಚಿತ್ತವಾಡ್ಗಿಯ ತಿಮ್ಮಣ್ಣ.

ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತು, ಬೆರಳ ಗೆಣ್ಣಿನಿಂದ ತಟ್ಟಿ, ಒಳಗೆ ಟೊಳ್ಳು ಎಲ್ಲಿದೆ ಎಂದು ಹೇಳುತ್ತಿದ್ದ. ಇಂಜಿನಿಯರು ಮೂರು ದಿನ ಹೇಳಿದ್ದು ಅವನಿಗೆ ಮೊದಲೇ ಗೊತ್ತಿತ್ತು. ಅದು ನನಗೆ ಹಿಡಿಸಲಿಲ್ಲ. ಹೌದು, ಬರೆದುಬಿಡುತ್ತೇನೆ — ಹಿಡಿಸಲಿಲ್ಲ.

ಕಂಪ್ಲಿಯಲ್ಲಿ ಮೊದಲ ಮನೆ ಅಕ್ಕಿ ಗಿರಣಿಯ ಪಂಪಣ್ಣನವರದು. ಅವರು ಒಪ್ಪಿದರೆ ಇಡೀ ಓಣಿ ಒಪ್ಪುತ್ತಿತ್ತು. ಅವರ ಹಿತ್ತಲ ಗೋಡೆಯ ಒಂದು ಮೂಲೆ ಬಿರುಕು ಬಿಟ್ಟಿತ್ತು. ತಿಮ್ಮಣ್ಣ ಹದಿನೈದು ದಿನ ಕೆಲಸ ಮಾಡಿ, ಅಡ್ಡಗಲ್ಲು ಕೂಡಿಸಿ ಅದನ್ನು ಸರಿಮಾಡಿದ. ಆಮೇಲೆ ನನ್ನನ್ನು ಮಾಳಿಗೆಗೆ ಹತ್ತಿಸಿ, ಕಬ್ಬಿಣದ ಸಲಾಕೆ ಕೈಗೆ ಕೊಟ್ಟು ಮಣ್ಣಿಗೆ ಇಳಿಸಲು ಹೇಳಿದ. ಇಳಿಸಿದೆ. ಅದು ಹೋಯಿತು, ಹೋಯಿತು — ಕೆಳಗಿನ ಕಟ್ಟಿಗೆ ಸಿಗುವಷ್ಟರಲ್ಲಿ ಒಂದೂವರೆ ಮೊಳ, ಅಂದರೆ ಮೂರು ಗೇಣು. ಇಡೀ ಓಣಿಯ ಮಾಳಿಗೆಗಳು ನಮ್ಮ ಮುಂದೆ ಒಂದಕ್ಕೊಂದು ಹತ್ತಿಕೊಂಡು ಬಿದ್ದಿದ್ದವು, ನೋಡಲು ಎಲ್ಲವೂ ಅಷ್ಟೇ ದಪ್ಪ.

"ಗ್ವಾಡಿ ನಾ ಕಟ್ಟೀನಿ, ಅದರ ಚಿಂತಿ ಬಿಡ್ರಿ," ಎಂದ ತಿಮ್ಮಣ್ಣ. "ಈ ಮಣ್ಣು ಇಳಸಾಕ ಹೇಳ್ರಿ. ಓದಿದೋರ ಮಾತು ಅವ್ರು ಕೇಳ್ತಾರ."

ಕೆಳಗಿಳಿದು ಹೇಳಿದೆ. ಪಂಪಣ್ಣನವರು ನಕ್ಕರು. ಅವರ ಮಗಳನ್ನು ನೋಡಲು ಸಂಡೂರಿನವರು ಬರುವುದಿತ್ತು. ಮಾಳಿಗೆ ಅಗೆಸಿದರೆ, ಮನೆ ಕೆಡವಿ ತೊಲೆ ಮಾರಲು ಹೊರಟಿದ್ದಾರೆ ಎಂದು ಊರು ಆಡಿಕೊಳ್ಳುತ್ತದೆ ಎಂದರು. ಕಟ್ಟೆಯ ಮೇಲಿದ್ದ ಅವರ ಗಿರಣಿಯ ಆಳುಗಳೂ ನಕ್ಕರು. ನಾನು ನನ್ನ ನೋಟುಬುಕ್ಕು ತೆರೆದು, ಇಂಜಿನಿಯರು ಹೇಳಿದ್ದನ್ನು ಓದಲು ಶುರು ಮಾಡಿದೆ. ಯಾರೂ ಕಿವಿಗೊಡಲಿಲ್ಲ. ಆಗ ತಿಮ್ಮಣ್ಣ ಸಲಾಕೆ ಒರೆಸುತ್ತ, ನನ್ನ ಕಡೆ ತಿರುಗಿ ಅಂದ: "ಬುಕ್ಕು ಓದಿದ್ರ ಮಾಳಿಗಿ ಹಗುರಾಗಂಗಿಲ್ರಿ. ಸಲಿಕಿ ಹಿಡಿಬೇಕು."

ಎಲ್ಲರೂ ಮತ್ತೆ ನಕ್ಕರು — ಈ ಸಲ ನನ್ನನ್ನು ನೋಡಿ.

ಅವನು ಹೇಳಿದ್ದು ನಿಜ. ನನ್ನ ಸಲುವಾಗಿಯೇ ಹೇಳಿದ್ದು ಅನ್ನುವುದೂ ಈಗ ತಿಳಿಯುತ್ತದೆ. ಆಗ ತಿಳಿದದ್ದು ಒಂದೇ, ಅಕ್ಷರ ಬಾರದವನು ಹತ್ತು ಜನರಲ್ಲಿ ನನ್ನನ್ನು ನಗೆಪಾಟಲು ಮಾಡಿದ ಎಂದು. ಅವನನ್ನು ಹೊಸಪೇಟೆಗೆ ಕಳಿಸಿಬಿಟ್ಟೆ. ಪಂಪಣ್ಣನವರು ನನ್ನನ್ನು ಒಳಗೆ ಕೂಡಿಸಿದರು. ಅವರ ತಾಯಿ ಬಸಮ್ಮನವರು ಮಜ್ಜಿಗೆ ತಂದುಕೊಟ್ಟರು. "ಒಂದು ಗೇಣು ಅಂತ ಬರ್ಕೊಳ್ಳಪಾ, ಮುಂದಿನ ವರ್ಷ ತೆಗಸಿದ್ರಾತು," ಎಂದರು ಪಂಪಣ್ಣನವರು. ಬರೆದೆ. ಅಷ್ಟಕ್ಕೆ ನಿಂತಿದ್ದರೂ... ನಿಲ್ಲಲಿಲ್ಲ. ಆ ಓಣಿಯ ಉಳಿದ ಯಾವ ಮಾಳಿಗೆಗೂ ಹತ್ತದೆ, ಕಟ್ಟೆಯ ಮೇಲೆ ಕೂತು ಎಲ್ಲ ಮನೆಗಳಿಗೂ ಅದೇ ಗೇಣನ್ನು ಚೆಂದದ ಅಕ್ಷರದಲ್ಲಿ ನಕಲು ಮಾಡಿದೆ. ಮದರಾಸಿನವರು ಅದನ್ನು ನಂಬಿ ಪಾಲಿಸಿ ಕಳಿಸಿದರು. ಮನೆಯವರು ಪಾಲಿಸಿಯನ್ನು ನಂಬಿ ಆ ವರ್ಷವೂ ಹೊಸ ಮಣ್ಣು ಹಾಸಿದರು. ಇಬ್ಬರಿಗೂ ಅಪಾಯ ತಿಳಿಸಬೇಕಾಗಿದ್ದ ನಾನು ಇಬ್ಬರಿಗೂ ನಿದ್ದೆ ಮಾಡಿಸಿದೆ.

ಭೂಮಿ ನಡುಗಿದ್ದು ಒಂದು ಬೆಳಿಗ್ಗೆ, ತಿಂಡಿಯ ಹೊತ್ತಿಗೆ. ದೊಡ್ಡದೇನಲ್ಲ. ಬೇರೆ ಮನೆಗಳಲ್ಲಿ ಗೋಡೆಯ ನಾಗಂದಿಗೆಯ ಮೇಲಿನ ಪಾತ್ರೆಗಳು ಉರುಳಿದವು, ಅಷ್ಟೇ. ಪಂಪಣ್ಣನವರ ಹಿತ್ತಲ ಗೋಡೆಯ ಹಳೆಯ, ಟೊಳ್ಳಾದ ಭಾಗ ಮಾತ್ರ ಮಾಳಿಗೆಯ ಭಾರಕ್ಕೆ ಹೊರಕ್ಕೆ ಬಾಯಿ ಬಿಟ್ಟು, ಮನೆಯ ಹಿಂಭಾಗ ಕೂತುಬಿಟ್ಟಿತು. ಒಳಗೆ ಬಸಮ್ಮನವರು ಅಕ್ಕಿ ಹಸನು ಮಾಡುತ್ತಿದ್ದರು.

ಜನ ಮಣ್ಣನ್ನು ಬುಟ್ಟಿಗಳಲ್ಲಿ ಎತ್ತಿ ಬೀದಿಗೆ ಸುರಿದು ಅವರನ್ನು ತೆಗೆಯುವಷ್ಟರಲ್ಲಿ ಗೋಡೆಯ ಮಣ್ಣು ಯಾವುದು, ಮಾಳಿಗೆಯ ಮಣ್ಣು ಯಾವುದು ಎಂದು ಗುರುತು ಉಳಿದಿರಲಿಲ್ಲ. ಬಿದ್ದುಹೋದ ಮಾಳಿಗೆಯನ್ನು ಅಳೆಯುವುದು ಹೇಗೆ? ಅದು ನಿಂತಿದ್ದಾಗ ಅಳೆದ ಕೈ ನನ್ನದೊಂದೇ.

ಗ್ರಾಮ ಮುನಸೀಪರು ಚಾವಡಿಯಲ್ಲಿ ವಿಚಾರಣೆ ಮಾಡಿದರು. ಗೋಡೆ ಕಟ್ಟಿ ವರ್ಷ ತುಂಬಿಲ್ಲ, ಕಟ್ಟಿದವನದೇ ತಪ್ಪು ಎಂದು ಎಲ್ಲರೂ ಅಂದರು. ತಿಮ್ಮಣ್ಣನನ್ನು ಚಿತ್ತವಾಡ್ಗಿಯಿಂದ ಕರೆಸಿದ್ದರು. ಜೊತೆಗೆ ಅವನ ಮಗಳು ಹುಲಿಗೆಮ್ಮ ಬಂದು ಕಂಬದ ಬಳಿ ನಿಂತಿದ್ದಳು. ಅಡ್ಡಗಲ್ಲು ಇರುವ ಮೂಲೆ ಇನ್ನೂ ನಿಂತೇ ಇದೆ, ಬಂದು ನೋಡಿ ಎಂದು ಅವನು ಎರಡು ಸಲ ಕೇಳಿಕೊಂಡ. ಚಾವಡಿ ಬಿಟ್ಟು ಒಬ್ಬರೂ ಏಳಲಿಲ್ಲ. ಆಗ ಅವನು ನನ್ನ ಕಡೆ ತಿರುಗಿದ.

"ಸಲಾಕಿ ಹಾಕಿದೋರು ನೀವ. ಮಣ್ಣು ಎಷ್ಟಿತ್ತು, ಇಳಸ್ರಿ ಅಂತ ನಾ ಹೇಳಿದ್ನೋ ಇಲ್ಲೋ, ಹೇಳ್ರಿ ಸ್ವಾಮೇರ."

ಪಂಪಣ್ಣನವರು ತಲೆ ಬೋಳಿಸಿಕೊಂಡು ಎದುರಿಗೇ ಕೂತಿದ್ದರು. ನಿಜ ಹೇಳಿದರೆ ಅವರ ಪಾಲಿಸಿ ಸುಳ್ಳಾಗುತ್ತಿತ್ತು, ತಾಯಿಯನ್ನು ಕೊಂದವರು ಅವರೇ ಆಗುತ್ತಿದ್ದರು, ನಾನೂ ಆಗುತ್ತಿದ್ದೆ. ಅಂದು ಕಟ್ಟೆಯ ಮೇಲೆ ನಕ್ಕಿದ್ದ ಆಳುಗಳು ಯಜಮಾನರ ವಿರುದ್ಧ ಮಾತಾಡುವವರಲ್ಲ. ಮುನಸೀಪರ ಕೈಯಲ್ಲಿ ನನ್ನ ಕಾಗದದ ಪ್ರತಿ ಇತ್ತು, ಒಂದು ಗೇಣು ಎಂದು.

"ಇಲ್ಲ," ಎಂದೆ. "ಅಂವ ನನಗೇನೂ ಹೇಳಿಲ್ಲ."

ತಿಮ್ಮಣ್ಣ ಜಗಳ ಮಾಡಲಿಲ್ಲ. ಕಾಗದದ ಮುಂದೆ ತನ್ನ ಮಾತು ನಿಲ್ಲುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಟವೆಲ್ಲು ಹೆಗಲಿಗೆ ಹಾಕಿಕೊಂಡು ಮಗಳ ಕೈ ಹಿಡಿದು ಹೊರಟುಹೋದ. ಅವನಿಗೆ ಜೈಲೇನೂ ಆಗಲಿಲ್ಲ. ಕಂಪ್ಲಿ, ಹೊಸಪೇಟೆ, ಮರಿಯಮ್ಮನಹಳ್ಳಿ, ಎಲ್ಲಿಯೂ ಅವನನ್ನು ಯಾರೂ ಗೋಡೆಗೆ ಕರೆಯಲಿಲ್ಲ, ಅಷ್ಟೇ. ಅಷ್ಟೇ ಎಂದು ಬರೆಯುತ್ತಿದ್ದೇನೆ, ನೋಡಿ ನನ್ನ ಕೈಯನ್ನು. ಗೋಡೆ ಕಟ್ಟುವವನು ಸಂಡೂರಿನ ಗಣಿಯಲ್ಲಿ ಕಲ್ಲು ಒಡೆಯುತ್ತ, ಕೆಮ್ಮುತ್ತ ಸತ್ತ.

ಇನ್ನು ನನ್ನ ಕತೆ ಕೇಳಿ. ಆ ನಡುಕಕ್ಕೆ ಕಂಪನಿಯೂ ಹೆದರಿತು, ಮನೆಯವರೂ ಹೆದರಿದರು. ನಾನು ಓಣಿ ಓಣಿ ತಿರುಗಿ ಮಣ್ಣು ಇಳಿಸಲು, ಅಡ್ಡಗಲ್ಲು ಕೂಡಿಸಲು ತಿಳಿಹೇಳಿದೆ. ಈಗ ಎಲ್ಲರೂ ಕೇಳಿದರು. ಎಷ್ಟೋ ಮಾಳಿಗೆಗಳು ಹಗುರವಾದವು. ಕಂಪನಿಯವರು ಹೊಗಳಿ ಬರೆದರು. ನೀವು ನನ್ನನ್ನು ಸಭೆಯಲ್ಲಿ ಕೂಡಿಸಿ, ಮನೆಗಳನ್ನು ಉಳಿಸಿದವನು ಎಂದು ಶಾಲು ಹೊದಿಸಿದಿರಿ. ಅದರಲ್ಲಿ ಒಂದು ಮಾತಾದರೂ ನನ್ನದಿತ್ತೇ? ಎಲ್ಲವೂ ತಿಮ್ಮಣ್ಣ ಆ ಮಾಳಿಗೆಯ ಮೇಲೆ ನಿಂತು ಹೇಳಿದ್ದು. ಅವನ ವಿದ್ಯೆಯನ್ನು ಇಟ್ಟುಕೊಂಡು ಅವನ ಹೆಸರನ್ನು ಹೂತೆ. ನಿಮ್ಮ ಮೇಲೂ ನನಗೆ ಸಿಟ್ಟಿದೆ, ತಪ್ಪು ತಿಳಿಯಬೇಡಿ. ನಿಂತಿದ್ದ ಆ ಮೂಲೆಯನ್ನು ನೋಡಲು ಹತ್ತು ಹೆಜ್ಜೆ ನಡೆಯಲಾರದೆ ಹೋದಿರಿ. ಶಾಯಿ ಇದ್ದ ಕಡೆ ಸತ್ಯ ಇದೆ ಎಂದುಕೊಂಡಿರಿ. ಆದರೆ ಆ ಶಾಯಿ ನನ್ನದು. ನಿಮ್ಮನ್ನು ಬಯ್ದು ನಾನು ಹಗುರಾಗುವ ಹಾಗಿಲ್ಲ.

ಹೋದ ತಿಂಗಳು ಹುಲಿಗೆಮ್ಮನನ್ನು ಹುಡುಕಿಕೊಂಡು ಸಂಡೂರಿಗೆ ಹೋಗಿದ್ದೆ. ಈಗ ಮೊಮ್ಮಕ್ಕಳ ಅಜ್ಜಿ ಆಕೆ. ಎಲ್ಲವನ್ನೂ ಹೇಳಿದೆ, ಕಾಲು ಹಿಡಿಯಲು ಬಾಗಿದೆ. ಆಕೆ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಇದು ನನಗ ಗೊತ್ತಿಲ್ಲ ಅಂತ ತಿಳಕೊಂಡು ಹೇಳಾಕ ಬಂದ್ರೇನ್ರಿ?" ಎಂದಳು. "ಚಾವಡ್ಯಾಗ ನಾ ಇದ್ದೆ. ಗೊತ್ತಿಲ್ಲದೋರು ಕಂಪ್ಲ್ಯಾಗ ಅದಾರ, ಅವ್ರಿಗೆ ಹೋಗಿ ಹೇಳ್ರಿ."

ಕುಡಿಯಲು ನೀರು ಕೊಟ್ಟಳು. ಕುಂದ್ರಿ ಅನ್ನಲಿಲ್ಲ.

ಅದಕ್ಕೇ ಇದನ್ನು ಬರೆದಿದ್ದೇನೆ. ಅಂದು ಚಾವಡಿಯಲ್ಲಿ ಇದ್ದ ಕಂಪ್ಲಿಯವರಲ್ಲಿ ನಾಲ್ವರು ಬದುಕಿದ್ದಾರೆ. ಮೂವರ ಮನೆಗೆ ಹೋಗಿ ಹೇಳಿ ಬಂದೆ. ಒಬ್ಬರು ಅತ್ತರು, ಒಬ್ಬರು ಈ ವಯಸ್ಸಿನಲ್ಲಿ ಯಾಕೆ ಬೇಕು ಎಂದರು, ಒಬ್ಬರಿಗೆ ನೆನಪೇ ಇರಲಿಲ್ಲ. ನಾಲ್ಕನೆಯವನು ಪಂಪಣ್ಣನವರ ಮಗ, ಅಂದು ತಂದೆಯ ಪಕ್ಕ ಕೂತಿದ್ದ ಹುಡುಗ. ಗಾರೆಯವನೊಬ್ಬ ನಮ್ಮ ಅಜ್ಜಿಯನ್ನು ಕೊಂದ ಎಂದು ಅವನು ತನ್ನ ಮೊಮ್ಮಕ್ಕಳಿಗೆ ಹೇಳುತ್ತಾನಂತೆ. ನಾಳೆ ಬೆಳಿಗ್ಗೆ ಅವನ ಮನೆಗೆ ಹೋಗುತ್ತೇನೆ. ಆ ಮಕ್ಕಳನ್ನೂ ಕರೆದು ಕೂಡಿಸು ಎಂದು ಕೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಬೀದಿಯಲ್ಲೇ ನಿಂತು, ಒಳಗೆ ಕೇಳುವಷ್ಟು ಗಟ್ಟಿಯಾಗಿ, ಯಾರು ಕೊಂದರು ಎಂದು ಹೇಳುತ್ತೇನೆ.